ನಿಮ್ಮಪ್ಪನಿಗೆ ಹೇಳು

ಬಡವರಿಗೆ ರಜೆ ಕೊಡಬೇಕೆಂದು ಯಾರಿಗಾದರೂ ಮನಸ್ಸಾದರೆ ಅವರು ಮೊದಲು ಕೊಡುವುದು ರಜೆಯನ್ನಲ್ಲ, ಫಾರ್ಮನ್ನು. ಇಸ್ತ್ರಿಯವಳ ಕೈಗೆ ಬಂದ ಫಾರ್ಮಿಗೆ ಎಂಟು ಪುಟಗಳಿದ್ದವು. ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ಕಿಟಕಿ, ಯಾರಿಗೆ ಏನು ಕಾಯಿಲೆ, ವಾರಕ್ಕೆ ಎಷ್ಟು ಸಲ ಎಲ್ಲರೂ ಒಟ್ಟಿಗೆ ಕೂತು ನಗುತ್ತೀರಿ. ಈ ಕೊನೆಯ ಪ್ರಶ್ನೆ ಬರೆದವನು ಎದುರಿಗೆ ಸಿಕ್ಕಿದ್ದರೆ ಅವನನ್ನು ಒಂದು ಪಾಳಿ ತನ್ನ ಜಾಗದಲ್ಲಿ ನಿಲ್ಲಿಸಿ, ಈಗ ನಗಪ್ಪ ನೋಡೋಣ ಅನ್ನುತ್ತಿದ್ದಳು.

ಫಾರ್ಮು ಕಳಿಸಿದ್ದು ಮಗಳ ಶಾಲೆಯ ಟೀಚರ್. ಯಾವುದೋ ಸಂಘ ವರ್ಷಕ್ಕೆ ನಲವತ್ತು ಬಡ ಕುಟುಂಬಗಳನ್ನು ಆರಿಸಿ, ಆರು ದಿನ ಸಮುದ್ರದ ದಡದ ವಸತಿಗೃಹದಲ್ಲಿ ಇಟ್ಟು ಕಳಿಸುತ್ತದಂತೆ. ಮುಕ್ಕಾಲು ಖರ್ಚು ಸಂಘದ್ದು, ಉಳಿದದ್ದು ಹೋಗುವವರದ್ದು. ಷರತ್ತು ಒಂದೇ: ಇಡೀ ಕುಟುಂಬ ಬರಬೇಕು, ಅಪ್ಪನನ್ನೋ ಅಮ್ಮನನ್ನೋ ಬಿಟ್ಟು ಬರುವ ಹಾಗಿಲ್ಲ.

ಲಾಂಡ್ರಿಯಲ್ಲಿ ಸುದ್ದಿ ಹರಡಿದ ದಿನ ಸೂಪರ್‌ವೈಸರ್ ಮೂಗು ಮುರಿದ. "ಸಮುದ್ರ ನೋಡ್ಕೊಂಡು ಬಂದ್ರೆ ಏಳನೇ ದಿನ ಮನೆ ನಲ್ಲೀಲಿ ನೀರು ಬರುತ್ತಾ? ಆ ದುಡ್ಡು ಕೈಗೆ ಕೊಟ್ಟಿದ್ರೆ ಸೋರೋ ಸೂರಾದ್ರೂ ರಿಪೇರಿ ಆಗ್ತಿತ್ತು. ಬಡವರಿಗೆ ರಜಾ ಅಂತೆ ರಜಾ!"

ಹದಿಮೂರು ವರ್ಷದ ನೌಕರಿಯಲ್ಲಿ ಆ ಮನುಷ್ಯನ ಮಾತು ಅವಳಿಗೆ ಸರಿ ಅನ್ನಿಸಿದ್ದು ಅದೇ ಮೊದಲು. ಹಾಗೆ ಅನ್ನಿಸಿತಲ್ಲ ಅಂತ ಇನ್ನಷ್ಟು ಮೈ ಉರಿಯಿತು.

ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಕಾದ ರೋಲರಿನ ಮುಂದೆ ಅವಳ ಕೆಲಸ. ಒದ್ದೆ ಬೆಡ್‌ಶೀಟು ಆ ಕಡೆಯಿಂದ ಒಳಗೆ ಹೋಗಿ ಈ ಕಡೆಯಿಂದ ಹಬೆಯಾಡುತ್ತ ಬರುತ್ತದೆ. ಬಂದದ್ದನ್ನು ಹಿಡಿದು, ಅಂಚಿಗೆ ಅಂಚು ಕೂಡಿಸಿ, ಹೊಲಿಗೆ ಒಳಗೆ ಹೋಗುವ ಹಾಗೆ ನಾಲ್ಕು ಮಡಿಕೆ ಹಾಕಿ ಪೇರಿಸಬೇಕು. ಪಾಳಿಗೆ ನಾನೂರು. ಬೆಳಿಗ್ಗೆ ಐದಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೆ ಕೂರುವ ಮಾತಿಲ್ಲ. ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ಇವಳ ಪಾಳಿ ಮುಗಿಯುವ ಹೊತ್ತಿಗೆ ಅವನದು ಶುರು. ಅವನು ಮನೆಗೆ ಬರುವಷ್ಟರಲ್ಲಿ ಇವಳಿಗೆ ಒಂದು ನಿದ್ದೆ ಮುಗಿದಿರುತ್ತದೆ, ಇವಳು ಎದ್ದು ಹೊರಡುವಾಗ ಅವನದು ಗೊರಕೆ. ವಾರದ ರಜೆಯೂ ಬೇರೆ ಬೇರೆ ದಿನ, ಆ ದಿನವೂ ಇಬ್ಬರೂ ಬೇರೆ ಕಡೆ ಕೂಲಿಗೆ ಹೋಗುತ್ತಾರೆ. ಹೀಗೆ ನಾಲ್ಕು ವರ್ಷ. ಒಂದೇ ಮನೆಯ ಬಾಡಿಗೆ ಕಟ್ಟಿಕೊಂಡು, ಒಂದೇ ಹಾಸಿಗೆಯನ್ನು ಸರದಿಯ ಮೇಲೆ ಬಳಸುವ ಇಬ್ಬರು ಬಾಡಿಗೆದಾರರು ಅಂದರೂ ನಡೆಯುತ್ತದೆ.

ಇಬ್ಬರ ನಡುವೆ ಇದ್ದದ್ದು ಹನ್ನೊಂದು ವರ್ಷದ ಮಗಳು. ಸಂಜೆ ಅಮ್ಮನ ಜೊತೆ, ಬೆಳಿಗ್ಗೆ ಅಪ್ಪನ ಜೊತೆ. ಗಂಡನಿಗೆ ಹೇಳಬೇಕಾದದ್ದನ್ನು ಇಸ್ತ್ರಿಯವಳು ಸಂಜೆ ಮಗಳಿಗೆ ಹೇಳುತ್ತಿದ್ದಳು, ಮಗಳು ಬೆಳಿಗ್ಗೆ ಅಪ್ಪನಿಗೆ ಮುಟ್ಟಿಸುತ್ತಿದ್ದಳು, ಉತ್ತರ ಮರುದಿನ ಸಂಜೆ ಬರುತ್ತಿತ್ತು. ಓಣಿಯವರು ಇದನ್ನು ಕಂಡು ಹುಡುಗಿಗೆ 'ಅಂಚೆ' ಅಂತಲೇ ಹೆಸರಿಟ್ಟಿದ್ದರು.

"ನಿಮ್ಮಪ್ಪನಿಗೆ ಹೇಳು, ಒದ್ದೆ ಬೂಟು ಬಾಗಿಲಲ್ಲಿ ಬಿಸಾಕಿ ಮಲಗೋಕೆ ಇದು ಅವರ ಡಿಪೋ ಅಲ್ಲ ಅಂತ."

"ಆಯ್ತು ಅಂದ್ರು ಅಪ್ಪ."

"ನಿಮ್ಮಪ್ಪನಿಗೆ ಹೇಳು, ಬೆನ್ನುನೋವು ಬೆನ್ನುನೋವು ಅಂತ ನರಳಿದ್ರೆ ಸಾಲದು, ನಂಗೂ ಒಂದು ಬೆನ್ನಿದೆ ಅಂತ."

"ಆಯ್ತು ಅಂದ್ರು."

ಏನು ಹೇಳಿ ಕಳಿಸಿದರೂ ಆಯ್ತು. ಎಷ್ಟು ಚುಚ್ಚಿದರೂ ಆಯ್ತು. ಮರುದಿನ ಬೂಟು ಮಾತ್ರ ಗೋಡೆಯ ಪಕ್ಕ ನೀಟಾಗಿ ಜೋಡಿಸಿಟ್ಟಿರುತ್ತಿತ್ತು. ಜಗಳಕ್ಕೆ ಬಾರದ ಗಂಡನೊಡನೆ ಸಂಸಾರ ಮಾಡುವ ಸಂಕಟ ಜಗಳಗಂಟನನ್ನು ಕಟ್ಟಿಕೊಂಡವರಿಗೆ ಗೊತ್ತಾಗುವುದಿಲ್ಲ. ಒಂದು ಸಲ ರೋಲರಿಗೆ ಕೈ ತಾಗಿ ಸುಟ್ಟುಕೊಂಡಾಗ, "ತಣ್ಣೀರಲ್ಲಿ ಹಿಡಿ ಅಂದ್ರು ಅಪ್ಪ" ಅಂತ ಉತ್ತರ ಬಂದಿತ್ತು. ಹೇಳಿದ ದೊಡ್ಡ ಡಾಕ್ಟರು, ಎಂದು ಅವಳು ಹಲ್ಲು ಕಡಿದಿದ್ದಳು.

ಮೂರು ತಿಂಗಳ ಹಿಂದೆ ಅವಳ ತಾಳ್ಮೆ ಮುಗಿಯಿತು. ದೂರದ ಊರಿನಲ್ಲಿದ್ದ ಅಕ್ಕ, ತಾನು ದುಡಿಯುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಬರುವುದಾದರೆ ಬಾ ಅಂದಿದ್ದಳು. ಇಸ್ತ್ರಿಯವಳು ಒಂದು ವಾರ ಯೋಚಿಸಿ ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ನಿಮ್ಮಪ್ಪನಿಗೆ ಹೇಳು. ನಿನ್ನ ಪರೀಕ್ಷೆ ಮುಗಿದ್ಮೇಲೆ ನಾವಿಬ್ರೂ ದೊಡ್ಡಮ್ಮನ ಊರಿಗೆ ಹೋಗ್ತೀವಿ. ವಾಪಸ್ ಬರಲ್ಲ. ಅವರು ಅವರ ಪಾಡಿಗೆ ಇರ್ಲಿ ಅಂತ ಹೇಳು."

ಹುಡುಗಿ ಎದ್ದು ಹೋಗಿ ಪುಸ್ತಕ ತೆರೆದಳು. ಮರುದಿನ ಸಂಜೆ ಶಾಲೆಯ ಚೀಲ ಇಳಿಸುತ್ತ, ಕಣ್ಣೆತ್ತದೆ ಉತ್ತರ ಕೊಟ್ಟಳು. "ಆಯ್ತು ಅಂದ್ರು."

ಅಷ್ಟೇ. ಹದಿನಾಲ್ಕು ವರ್ಷದ ಸಂಸಾರಕ್ಕೆ ಎರಡೂವರೆ ಅಕ್ಷರ. ಆ ದಿನ ಅವಳು ಅಕ್ಕನಿಗೆ ಬರುತ್ತೇನೆ ಅಂತ ಹೇಳಿ ಕಳಿಸಿದಳು. ಪರೀಕ್ಷೆ ಮುಗಿದ ಮುಂದಿನ ತಿಂಗಳ ಒಂದನೇ ತಾರೀಕಿಗೆ ಅಲ್ಲಿ ಕೆಲಸಕ್ಕೆ ಸೇರಬೇಕು. ಅಷ್ಟರಲ್ಲಿ ಈ ರಜೆ ಮಂಜೂರಾಗಿ, ಅವಳ ಪಾಲಿನ ದುಡ್ಡೂ ಕಟ್ಟಿ ಆಗಿತ್ತು. ಕಟ್ಟಿದ್ದು ವಾಪಸ್ ಕೊಡುವುದಿಲ್ಲವಂತೆ. ಹೋಗಲಿ, ಮಗು ಒಂದು ಸಲ ಸಮುದ್ರ ನೋಡಲಿ, ಆಮೇಲೆ ಅವನ ದಾರಿ ಅವನಿಗೆ ನಮ್ಮ ದಾರಿ ನಮಗೆ, ಎಂದು ಅವಳು ಚೀಲ ಕಟ್ಟಿದಳು. ಸಮುದ್ರ ಅಂದರೆ ಕುಣಿಯಬೇಕಾದ ಹುಡುಗಿ ಮಾತ್ರ, "ಬೇಡಮ್ಮ, ಹೋಗೋದು ಬೇಡ" ಅಂತ ಎರಡು ದಿನ ಅತ್ತಳು. ಇಸ್ತ್ರಿಯವಳು ತಲೆಗೊಂದು ಮೊಟಕಿ ಬಸ್ಸು ಹತ್ತಿಸಿದಳು.

ವಸತಿಗೃಹದ ಮುಂಭಾಗದಲ್ಲಿ ಬಿಳಿ ಕುರ್ಚಿಗಳು, ಸಮುದ್ರಕ್ಕೆ ತೆರೆದ ಕಿಟಕಿಗಳು. ಅವು ಪೂರ್ತಿ ದುಡ್ಡು ಕೊಟ್ಟವರಿಗೆ. ಸಬ್ಸಿಡಿಯವರಿಗೆ ಹಿಂದಿನ ಸಾಲು, ಕಿಟಕಿ ತೆರೆದರೆ ಅಡುಗೆಮನೆಯ ಗೋಡೆ. 'ಸಬ್ಸಿಡಿಯವರು' ಅನ್ನುವುದು ಅಲ್ಲಿ ಇವರ ಜಾತಿಯ ಹೆಸರೇ ಆಗಿತ್ತು. ಸಬ್ಸಿಡಿಯವರಿಗೆ ಊಟ ಎರಡನೇ ಪಂಕ್ತಿಯಲ್ಲಿ. ಸಬ್ಸಿಡಿಯವರ ಮಕ್ಕಳು ಬಿಳಿ ಕುರ್ಚಿಯಲ್ಲಿ ಕೂರಬಾರದು. ಸಬ್ಸಿಡಿಯವರ ಕೋಣೆಯಲ್ಲಿ ಬೀರು ಇತ್ತು, ಆದರೆ ಅದಕ್ಕೆ ಬೀಗ ಹಾಕಿತ್ತು. ಬೀಗದ ಕೈ ಇದ್ದದ್ದು ಮೇಲ್ವಿಚಾರಕಿಯ ಸೊಂಟದಲ್ಲಿ, ಇನ್ನೂ ಮೂವತ್ತು ಕೀಲಿಕೈಗಳ ಜೊತೆ. ಅವಳು ನಡೆದರೆ ಝಲ್ ಝಲ್ ಅನ್ನುತ್ತಿತ್ತು. ಮೊದಲ ದಿನವೇ ಹಿಂದಿನ ಸಾಲಿನವರು ಅವಳಿಗೆ ಗೊಂಚಲಮ್ಮ ಅಂತ ಹೆಸರಿಟ್ಟರು.

"ಬಟ್ಟೆ ಎಲ್ಲಿಡೋದು?" ಇಸ್ತ್ರಿಯವಳು ಕೇಳಿದಳು.

"ತಂದಿರೋದು ಒಂದು ಚೀಲ, ಅದಕ್ಕೆ ಬೀರು ಬೇರೆ ಬೇಕಾ? ಬಾಗಿಲ ಪಕ್ಕ ಇಟ್ಕೊಳ್ಳಿ," ಅಂದಳು ಗೊಂಚಲಮ್ಮ. "ಹೋಗುವಾಗ ಎಲ್ಲಾ ಎಣಿಸಿ ತಗೋತೀವಿ. ಟವೆಲ್, ಲೋಟ, ಬಕೆಟ್ಟು, ಎಲ್ಲಾ."

ಕೋಣೆಯಲ್ಲಿ ಮೂರು ಮಂಚಗಳು. ಮಗಳು ಓಡಿಹೋಗಿ ನಡುವಿನ ಮಂಚದಲ್ಲಿ ಕೂತುಬಿಟ್ಟಳು.

ಎರಡು ದಿನ ಆ ಕೋಣೆಯಲ್ಲಿ ನಡೆದದ್ದನ್ನು ನೋಡಿದ್ದರೆ ಕಲ್ಲಿಗೂ ನಗು ಬರುತ್ತಿತ್ತು. ಗಂಡ ಹೆಂಡತಿ ಎರಡು ಮಾರು ದೂರದಲ್ಲಿ ಕೂತಿದ್ದರೂ ಮಾತು ಮಾತ್ರ ಮಗಳ ಮೂಲಕವೇ. ನಾಲ್ಕು ವರ್ಷದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ?

"ನಿಮ್ಮಪ್ಪನಿಗೆ ಹೇಳು, ಆ ನೀರಿನ ಜಗ್ಗು ಈ ಕಡೆ ತಳ್ಳೋಕೆ."

ಗಂಡ ಜಗ್ಗನ್ನು ಮಗಳ ಕೈಗೆ ಕೊಡುತ್ತಿದ್ದ. "ನಿಮ್ಮಮ್ಮನಿಗೆ ಕೊಡು."

ಊಟದ ಮೇಜಿನ ಆ ಕಡೆ ಕೂತ ಸಂಸಾರ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಹುಡುಗಿಯಂತೂ ಇಬ್ಬರ ನಡುವಿನಿಂದ ಕದಲಲಿಲ್ಲ. ದಡಕ್ಕೆ ಹೋದರೂ ಮರಳಿನಲ್ಲಿ ಇಬ್ಬರ ಮಧ್ಯೆಯೇ ಕೂತಳು. ಬೇರೆ ಮಕ್ಕಳು ನೀರಿಗೆ ಬಿದ್ದು ಕಿರುಚುತ್ತಿದ್ದರೆ ಇವಳು ಮುಖ ಗಂಟು ಹಾಕಿಕೊಂಡು ಅಪ್ಪನ ಬಾಯಿ ಒಮ್ಮೆ, ಅಮ್ಮನ ಬಾಯಿ ಒಮ್ಮೆ ನೋಡುವುದು. ಅಮ್ಮ ಅಪ್ಪನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರೆ ಸಾಕು, ಹುಡುಗಿಗೆ ಹೊಟ್ಟೆನೋವು ಬರುತ್ತಿತ್ತು. ಮಾತಾಡುವುದೇನಿತ್ತು ಇಸ್ತ್ರಿಯವಳಿಗೂ? ಆಯ್ತು ಅಂದವನ ಹತ್ತಿರ ಮತ್ತೆ ಏನು ಮಾತು? ಮಗಳ ಮೇಲೇ ರೇಗಿದಳು. "ಎಲ್ಲರೂ ಆಡ್ತಿದಾರೆ, ನಿಂಗೇನು ದಾಡಿ? ದುಡ್ಡು ಕಟ್ಟಿರೋದು ಇಲ್ಲಿ ಬಂದು ಮೂತಿ ಉದ್ದ ಮಾಡ್ಕೊಂಡು ಕೂರೋಕಾ?"

ಮೂರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಅವಳಿಗೆ ಎಚ್ಚರವಾಯಿತು. ಎಚ್ಚರವಾದ ಮೇಲೆ ಕೈಗಳಿಗೆ ಕೆಲಸ ಬೇಕು. ಮೈಕೆಳಗಿನ ಬೆಡ್‌ಶೀಟು ಎರಡು ದಿನದಿಂದ ಅವಳ ಕಣ್ಣು ಚುಚ್ಚುತ್ತಿತ್ತು. ಇಸ್ತ್ರಿ ಅಂದರೆ ಬರೀ ಹೆಸರಿಗೆ, ಮೂಲೆಗಳಲ್ಲಿ ಸುಕ್ಕು, ಮಡಿಕೆಯ ಗೆರೆ ಸೊಟ್ಟ. ಮೇಲಾಗಿ ಎರಡು ದಿನ ಮಲಗಿದ ಬೆಡ್‌ಶೀಟು ಮೂರನೆಯ ಬೆಳಿಗ್ಗೆ ಲಾಂಡ್ರಿಗೆ ಬರಲೇಬೇಕು, ಅದು ಅವಳು ಹದಿಮೂರು ವರ್ಷದಿಂದ ಕಂಡ ನಿಯಮ. ಏಳು ಗಂಟೆಯ ಹೊತ್ತಿಗೆ ಗಂಡನೂ ಮಗಳೂ ಮುಖ ತೊಳೆಯಲು ಹೋದರು. ಅವಳು ಮೂರೂ ಮಂಚದ ಬೆಡ್‌ಶೀಟು, ಹೊದಿಕೆ ಎಳೆದು ತೆಗೆದಳು. ಒಗೆಯುವವಳು ಯಾರೋ ಪಾಪ, ಅವಳಿಗೂ ಬೆನ್ನಿದೆಯಲ್ಲ, ಮುದ್ದೆ ಮಾಡಿ ಎಸೆಯುವುದೇಕೆ? ಅಂಚಿಗೆ ಅಂಚು ಕೂಡಿಸಿ, ಹೊಲಿಗೆ ಒಳಗೆ ಹಾಕಿ, ಆರನ್ನೂ ಮಡಿಸಿ ಬಾಗಿಲ ಪಕ್ಕ ಪೇರಿಸಿದಳು. ಅಲ್ಲೇ ಅವರ ಚೀಲವೂ ಇತ್ತು, ಅದರ ಬಾಯಿಯೂ ತೆರೆದಿತ್ತು.

ಝಲ್ ಝಲ್ ಅಂತ ಬಂದ ಗೊಂಚಲಮ್ಮ ಬಾಗಿಲಲ್ಲೇ ನಿಂತಳು. ಬರಿದಾದ ಹಾಸಿಗೆಗಳನ್ನು ನೋಡಿದಳು, ಪೇರಿಸಿದ ಬೆಡ್‌ಶೀಟುಗಳನ್ನು ನೋಡಿದಳು, ಬಾಯಿ ತೆರೆದ ಚೀಲವನ್ನು ನೋಡಿದಳು. ಹಬ್ಬದೂಟ ಕಂಡವಳ ಹಾಗೆ ಅವಳ ಮುಖ ಅರಳಿತು.

"ನಂಗೊತ್ತಿತ್ತು. ಪ್ರತಿ ಸಲ ಒಂದಲ್ಲಾ ಒಂದು ಹೋಗುತ್ತೆ. ಆದ್ರೆ ಮೂರನೇ ದಿನಕ್ಕೇ ಪ್ಯಾಕ್ ಮಾಡಿದವರು ನೀವೇ ಮೊದಲು!"

ಇಸ್ತ್ರಿಯವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. "ಏನಂದ್ರಿ? ಕದಿಯೋರು ಹೊಲಿಗೆ ನೋಡಿ ಮಡಿಸ್ತಾರೇನ್ರೀ? ನಿಮ್ಮ ಈ ಹರಕಲು ನನ್ನ ಮನೇಲಿ ನೆಲ ಒರೆಸೋಕೂ ಆಗಲ್ಲ!"

"ಬಾಯಿ ಬೇರೆ! ಬಿಟ್ಟಿ ಬಂದು ಉಳ್ಕೊಂಡು ಬಾಯಿ ಬೇರೆ!" ಗೊಂಚಲಮ್ಮನ ದನಿಗೆ ಹಿಂದಿನ ಸಾಲಿನ ಬಾಗಿಲುಗಳೆಲ್ಲ ತೆರೆದವು. ಗಂಡ ಮಗಳು ಓಡಿಬಂದರು. "ಕೇಳಿ. ಬೆಡ್‌ಶೀಟ್ ತಗೊಂಡಿದ್ದು ತಪ್ಪಾಯ್ತು ಅಂತ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ. ಸಂಘಕ್ಕೆ ಕಳಿಸ್ತೀನಿ. ಅವರು ಮುಂದೆ ನಿಮ್ಮನ್ನ ಯಾವತ್ತೂ ಕರೆಯಲ್ಲ, ಆದ್ರೆ ಉಳಿದ ನಾಲ್ಕು ದಿನ ಇರಬಹುದು. ಇಲ್ಲಾಂದ್ರೆ ಹನ್ನೆರಡರ ಬಸ್ಸಿಗೆ ಗಂಟುಮೂಟೆ ಕಟ್ಟಿ."

"ಕಟ್ತೀವಿ!" ಅಂದಳು ಇಸ್ತ್ರಿಯವಳು. "ಸಹಿಯಂತೆ! ನನ್ನ ಹೆಣ ಮಾಡಬೇಕು ಸಹಿ!"

ಆಗ ಬಸ್ ತೊಳೆಯುವವನು ಮಾತಾಡಿದ. ಜನರ ಮುಂದೆ ಬಾಯಿ ಬಿಡದ ಮನುಷ್ಯ. ಒದ್ದೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಗೊಂಚಲಮ್ಮನ ಮುಂದೆ ನಿಂತ.

"ಅಮ್ಮ, ಇವಳು ದಿನಕ್ಕೆ ನಾನೂರು ಬೆಡ್‌ಶೀಟ್ ಮಡಿಸ್ತಾಳೆ. ನನ್ನ ಡಿಪೋ ಶರ್ಟೂ ಹಿಂಗೇ ಮಡಿಸಿ ಕುರ್ಚಿ ಮೇಲಿಟ್ಟು ಹೋಗ್ತಾಳೆ, ನೋಡಿ, ಹೊಲಿಗೆ ಒಳಗೆ. ಕದಿಯೋ ಪೈಕಿ ಅಲ್ಲ ಇವಳು." ಅವನಿಗೆ ಅಷ್ಟು ಮಾತಿಗೇ ಉಸಿರು ಸಾಲದಾಯಿತು. ಆದರೂ ನಿಲ್ಲಿಸಲಿಲ್ಲ. "ಬಾಯಿ ಗಟ್ಟಿ ಅಂತ ಮನಸ್ಸೂ ಗಟ್ಟಿ ಅನ್ಕೋಬೇಡಿ. ನಾಲ್ಕು ವರ್ಷದಿಂದ ನಾವು ಸರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಂದು ದಿನ ತಪ್ಪದೆ ಮಗು ಹತ್ರ ಹೇಳಿ ಕಳಿಸ್ತಾಳೆ. ಬೆನ್ನಿಗೆ ಎಣ್ಣೆ ಹಚ್ಕೊಳ್ಳಿ ಅಂತ. ಒದ್ದೆ ಬೂಟಲ್ಲಿ ಜಾಸ್ತಿ ಹೊತ್ತು ಇರಬೇಡಿ, ಕಾಲು ಕೆಡುತ್ತೆ ಅಂತ. ಊಟ ಬಿಸಿ ಮಾಡ್ಕೊಂಡೇ ತಿನ್ನಿ ಅಂತ. ಅಂಥವಳನ್ನ ನೀವು ಕಳ್ಳಿ ಅಂತೀರಲ್ಲ."

ಬೆನ್ನಿಗೆ ಎಣ್ಣೆಯೇ? ಇಸ್ತ್ರಿಯವಳು ಹಾಗೆ ಯಾವತ್ತು ಹೇಳಿ ಕಳಿಸಿದ್ದಳು? ಅವಳು ತಿರುಗಿ ಮಗಳನ್ನು ನೋಡಿದಳು. ಹುಡುಗಿ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತಿದ್ದಳು.

"ಹನ್ನೊಂದರವರೆಗೆ ಟೈಮ್," ಎಂದು ಗೊಂಚಲಮ್ಮ ಬೆಡ್‌ಶೀಟುಗಳನ್ನು ಎತ್ತಿಕೊಂಡು ಹೋದಳು. ಅಷ್ಟು ನೀಟಾದ ಮಡಿಕೆ ಆ ವಸತಿಗೃಹ ಕಟ್ಟಿದಾಗಿನಿಂದ ಅವಳ ತೋಳಿನ ಮೇಲೆ ಬಂದಿರಲಿಕ್ಕಿಲ್ಲ.

ಇಸ್ತ್ರಿಯವಳು ಮಗಳ ರಟ್ಟೆ ಹಿಡಿದು ದಡಕ್ಕೆ ಎಳೆದುಕೊಂಡು ಹೋದಳು. ಗಾಳಿ ಜೋರಾಗಿತ್ತು. ಅವಳ ದನಿ ಅದಕ್ಕಿಂತ ಜೋರಾಗಿತ್ತು.

"ಏನೇ ಇದು? ನಾನು ಹೇಳಿದ್ದೇನು, ನೀನು ಮುಟ್ಟಿಸಿದ್ದೇನು?"

ಹುಡುಗಿ ಕೈ ಬಿಡಿಸಿಕೊಳ್ಳಲು ನೋಡಿದಳು.

"ಬೂಟಿನ ವಿಷಯ ನಾನೇನಂದಿದ್ದೆ?"

"ಬಾಗಿಲಲ್ಲಿ ಬಿಸಾಕಬೇಡಿ ಅಂದಿದ್ದೆ."

"ಮತ್ತೆ ದಿನಾ ಜೋಡಿಸಿಟ್ಟಿದ್ದು ಯಾರು?"

"ನಾನು. ರಾತ್ರಿ ಅಪ್ಪ ಮಲಗಿದ್ಮೇಲೆ ಎದ್ದು."

ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಕೇಳಬೇಕಾದದ್ದು ಇನ್ನೊಂದಿತ್ತು. ಕೇಳುವ ಮೊದಲೇ ಅವಳಿಗೆ ಉತ್ತರ ಗೊತ್ತಾಗಿಹೋಗಿತ್ತು. "ದೊಡ್ಡಮ್ಮನ ಊರಿಗೆ ಹೋಗ್ತೀವಿ ಅಂತ ಹೇಳು ಅಂದ್ನಲ್ಲ. ಆವತ್ತು ನಿಮ್ಮಪ್ಪನಿಗೆ ಏನು ಹೇಳ್ದೆ?"

"ಹುಷಾರಾಗಿ ಹೋಗಿ ಬನ್ನಿ ಅಂದ್ಲು ಅಮ್ಮ, ಅಂದೆ." ಹುಡುಗಿ ಕಣ್ಣೆತ್ತಿ ಸೇರಿಸಿದಳು, "ಅಪ್ಪ ಆಯ್ತು ಅಂದ್ರು. ಅದು ಸುಳ್ಳಲ್ಲ."

ಸಮುದ್ರ ಒಂದು ಅಲೆ ತಂದು ಅವರ ಕಾಲ ಬಳಿ ಚೆಲ್ಲಿ ಹೋಯಿತು. ಇಸ್ತ್ರಿಯವಳು ಮರಳಿನ ಮೇಲೆ ಕೂತಳು. ಅವಳಿಗೆ ಮೂರು ತಿಂಗಳು ಅನ್ನ ಇಳಿಯದ ಹಾಗೆ ಮಾಡಿದ ಆ 'ಆಯ್ತು' ಅವಳ ಪ್ರಶ್ನೆಗೆ ಬಂದ ಉತ್ತರವೇ ಆಗಿರಲಿಲ್ಲ. ಪ್ರಶ್ನೆಯೇ ಅವನನ್ನು ಮುಟ್ಟಿರಲಿಲ್ಲ. ಅವಳು ಹೋಗುತ್ತಾಳೆ ಅನ್ನುವುದು ಈ ಕ್ಷಣಕ್ಕೂ ಅವನಿಗೆ ಗೊತ್ತಿಲ್ಲ.

"ಯಾಕೆ ಮರಿ ಹಿಂಗ್ ಮಾಡ್ದೆ?"

"ನೀನು ಹೇಳಿದ್ದನ್ನೆಲ್ಲ ಹೇಳಿದ್ರೆ, ಅಪ್ಪ ಹೇಳಿದ್ದನ್ನೆಲ್ಲ ಹೇಳಿದ್ರೆ, ಮನೇಲಿ ಯಾರಮ್ಮ ಇರ್ತಿದ್ರು?" ಈಗ ಹುಡುಗಿಗೂ ಸಿಟ್ಟು ಬಂದಿತ್ತು. ಥೇಟ್ ಅಮ್ಮನ ಸಿಟ್ಟು. "ನೀನು ಸಂಜೆ ಹೇಳ್ತೀಯ, ನಾನು ರಾತ್ರಿಯೆಲ್ಲ ಅದನ್ನ ಹೆಂಗೆ ಹೇಳ್ಲಿ ಅಂತ ಯೋಚ್ನೆ ಮಾಡಬೇಕು. ಅಪ್ಪ ಬೆಳಿಗ್ಗೆ ಹೇಳ್ತಾರೆ, ಸ್ಕೂಲಲ್ಲಿ ಲೆಕ್ಕ ಬಿಟ್ಟು ಅದನ್ನ ಯೋಚ್ನೆ ಮಾಡಬೇಕು. ಇಲ್ಲಿಗೆ ಬರಬೇಡ ಅಂದೆ, ಕೇಳ್ಲಿಲ್ಲ ನೀನು. ಒಂದೇ ರೂಮಲ್ಲಿ ಇದ್ರೆ ನೀವು ನೀವೇ ಮಾತಾಡ್ಕೊಂಡು ಎಲ್ಲಾ ಗೊತ್ತಾಗುತ್ತೆ ಅಂತ ಹೆದರಿಕೆ ಆಗಿತ್ತು. ಈಗ ಗೊತ್ತಾಯ್ತಲ್ಲ. ಇನ್ಮೇಲೆ ನಾನು ಏನೂ ಹೇಳಲ್ಲ. ಎಲ್ಲರಿಗೂ ರಜಾ ಅಂತಾರೆ, ನಂಗೆಲ್ಲಿದೆ ರಜಾ?"

ಫಾರ್ಮಿನ ಎಂಟು ಪುಟಗಳಲ್ಲಿ ಕೇಳದೆ ಬಿಟ್ಟ ಪ್ರಶ್ನೆ ಅದು. ಇಸ್ತ್ರಿಯವಳು ಮಗಳನ್ನು ನೋಡಿದಳು. ಹನ್ನೊಂದು ವರ್ಷದ ಹುಡುಗಿಯ ಹುಬ್ಬುಗಳ ನಡುವೆ ಎರಡು ಗೆರೆ ಬಿದ್ದಿದ್ದವು, ಕೆಟ್ಟ ಇಸ್ತ್ರಿಯ ಮಡಿಕೆಯ ಹಾಗೆ. ಇಷ್ಟು ದಿನ ಅದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಊರವರ ಬೆಡ್‌ಶೀಟಿನ ಸುಕ್ಕು ಕಂಡವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹಣೆಯ ಸುಕ್ಕು ಕಂಡಿರಲಿಲ್ಲ.

"ಸುಮಾರು ಎಷ್ಟು ಗಂಟೆ ಈಗ?" ಕೇಳಿದಳು.

"ಗೊತ್ತಿಲ್ಲ."

"ಇಲ್ಲೇ ಇರು. ಎಲ್ಲೂ ಹೋಗ್ಬೇಡ."

ಗೊಂಚಲಮ್ಮನ ಆಫೀಸು ಮೆಟ್ಟಿಲ ಕೆಳಗಿನ ಸಣ್ಣ ಕೋಣೆ. ಕಾಗದ ಆಗಲೇ ಬರೆದು ತಯಾರಾಗಿತ್ತು. ಇಸ್ತ್ರಿಯವಳು ಅದನ್ನು ಓದಿದಳು. ಕದ್ದವಳು ತಾನು, ಕ್ಷಮಿಸಿದ ಪುಣ್ಯವಂತರು ಅವರು. ಅದನ್ನು ಹರಿದು ಆ ಗೊಂಚಲಿನ ಮೇಲೆಯೇ ಎಸೆಯಬೇಕು ಅನ್ನಿಸಿತು. ಹದಿಮೂರು ವರ್ಷದಲ್ಲಿ ಲಾಂಡ್ರಿಯಿಂದ ಒಂದು ಗುಂಡಿಯನ್ನೂ ಮನೆಗೆ ತಂದವಳಲ್ಲ ಅವಳು.

"ಪೆನ್ನು ಕೊಡಿ," ಅಂದಳು.

"ಈಗ ದಾರಿಗೆ ಬಂದ್ರಿ."

"ನಾನು ಕದ್ದಿಲ್ಲ. ಅದು ನಿಮಗೂ ಗೊತ್ತು, ನಂಗೂ ಗೊತ್ತು. ಆದ್ರೆ ನಂಗೆ ನಾಲ್ಕು ದಿನ ಬೇಕು. ನಿಮ್ಮ ಹತ್ರ ಬಿಟ್ರೆ ಅದು ಇನ್ನೆಲ್ಲೂ ಸಿಗಲ್ಲ." ಸಹಿ ಎಳೆದು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಆಮೇಲೆ ಆ ಬೆಡ್‌ಶೀಟಿನ ಮೂಲೆಗೆ ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಮಾಡೋಕೆ ಹೇಳಿ. ಥೂ, ನಾಚಿಕೆ ಆಗಲ್ವಾ ನಿಮ್ಗೆ?"

ಗಂಡ ಕೋಣೆಯಲ್ಲಿ ಚೀಲದ ಬಾಯಿಗೆ ದಾರ ಕಟ್ಟುತ್ತಿದ್ದ. ಅವಳನ್ನು ನೋಡಿ ಕೈ ನಿಲ್ಲಿಸಿದ. ಅವಳು ಅಭ್ಯಾಸಬಲದಿಂದ ಬಾಯಿ ತೆರೆದಳು. "ನಿಮ್ಮಪ್ಪನಿಗೆ..." ಕೋಣೆಯಲ್ಲಿ ಮಗಳಿರಲಿಲ್ಲ. ನಾಲಿಗೆ ಕಚ್ಚಿಕೊಂಡಳು. ಎದುರಿಗೆ ನಿಂತವನ ಕಿವಿಯ ಮೇಲೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾವಾಗ ಬೆಳ್ಳಗಾಯಿತು ಇವನಿಗೆ?

"ರೀ," ಅಂದಳು. ಆ ಒಂದು ಅಕ್ಷರ ಗಂಟಲಿನಿಂದ ಹೊರಬರಲು ನಾಲ್ಕು ವರ್ಷದ ತುಕ್ಕು ತಿಕ್ಕಬೇಕಾಯಿತು. "ದಾರ ಬಿಚ್ಚಿ. ಸಹಿ ಹಾಕಿ ಬಂದೆ. ದಡಕ್ಕೆ ಬನ್ನಿ, ನಿಮ್ಮ ಹತ್ರ ಮಾತಾಡಬೇಕು."

ದಡದಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅಕ್ಕನ ಊರು, ಆಸ್ಪತ್ರೆಯ ಲಾಂಡ್ರಿ, ಒಂದನೇ ತಾರೀಕು, ಮಗಳು ಮುಟ್ಟಿಸದೆ ಉಳಿಸಿಕೊಂಡ ಮಾತು. ಹೇಳುವಾಗ ಮಗಳು ಎಂದಿನಂತೆ ನಡುವೆಯೇ ಕೂತಿದ್ದಳು. ಗಂಡ ಎದ್ದು ನಿಂತ. ಅವಳು ಮದುವೆಯಾದಾಗಿನಿಂದ ಕೇಳದ ದನಿ ಅವನಿಂದ ಹೊರಟಿತು.

"ನನ್ನ ಮಗಳನ್ನ ಕರ್ಕೊಂಡು ಹೋಗ್ತಿದ್ದೆ? ನಂಗೊಂದು ಮಾತು ಹೇಳದೆ?"

"ಹೇಳಿದೆ! ನೀವು ಆಯ್ತು ಅಂದ್ರಿ!"

"ನಾನು ಯಾವಾಗ ಅಂದೆ?"

"ಬದುಕೆಲ್ಲ ಅದನ್ನೇ ಅಂದಿದೀರಿ! ಬೂಟು ಅಂದ್ರೆ ಆಯ್ತು, ಬಾಡಿಗೆ ಅಂದ್ರೆ ಆಯ್ತು, ನಾನು ಸಾಯ್ತೀನಿ ಅಂದ್ರೂ ಆಯ್ತು!"

"ನಾನೇನು ಕಡಿಮೆ ಹೇಳಿ ಕಳಿಸಿದೀನಾ? ಮನುಷ್ಯರ ಜೊತೆ ಸಂಸಾರ ಮಾಡ್ತಿದೀಯೋ ಬೆಡ್‌ಶೀಟ್ ಜೊತೆ ಮಾಡ್ತಿದೀಯೋ ಅಂತ ಕೇಳಿದ್ದೆ ಒಂದ್ಸಲ!"

"ಅಡುಗೆ ಚೆನ್ನಾಗಿತ್ತು ಅಂದ್ರು ಅಂತ ಬಂತು ನಂಗೆ!"

ಇಬ್ಬರೂ ಒಟ್ಟಿಗೆ ಮಗಳ ಕಡೆ ತಿರುಗಿದರು. ಮಗಳು ಇಬ್ಬರನ್ನೂ ಒಂದು ಸಲ ನೋಡಿ, ಮರಳು ಕೊಡವಿಕೊಂಡು ಎದ್ದು, ಇಬ್ಬರ ನಡುವಿನಿಂದ ಹೊರಗೆ ನಡೆದಳು.

"ಆಮೇಲೆ ನಿಲ್ಲಿಸ್ಬಿಟ್ಟೆ ನಾನು," ಗಂಡ ದನಿ ತಗ್ಗಿಸದೆಯೇ ಹೇಳಿದ. "ದಿನಾ ಬೆನ್ನು ಹೆಂಗಿದೆ ಅಂತ ಕೇಳೋಳನ್ನ ಬೈಯೋದಾದ್ರೂ ಹೆಂಗೆ? ಕೈ ಸುಟ್ಕೊಂಡಾಗ ತಣ್ಣೀರಲ್ಲಿ ಹಿಡಿ ಅಂತ ನಾನೇ ಹೇಳಿ ಕಳಿಸಿದ್ದೆ. ಅದಾದ್ರೂ ಮುಟ್ಟಿತಾ?"

"ಮುಟ್ಟಿತು," ಅಂದಳು ಅವಳು. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು. "ಮುಟ್ಟಿತು. ನಾನು ಅದಕ್ಕೂ ಬೈದೆ."

ಪೂರ್ತಿ ದುಡ್ಡು ಕೊಟ್ಟವರು ಬಿಳಿ ಕುರ್ಚಿಗಳಿಂದ ಎದ್ದು ನೋಡುತ್ತಿದ್ದರು. ಸಬ್ಸಿಡಿಯವರ ಜಗಳ, ನೋಡಲಿ ಬಿಡಿ, ಅದಕ್ಕೇನು ಬೇರೆ ಟಿಕೆಟ್ಟೇ?

"ಈಗ ಹೇಳು," ಗಂಡ ಕೇಳಿದ. "ನನ್ನ ಮುಖ ನೋಡಿ ಹೇಳು. ಹೋಗ್ತೀಯೋ ಇಲ್ವೋ?"

"ಅದೆಲ್ಲ ಈಗ ಹೇಳಲ್ಲ. ನಾಲ್ಕು ವರ್ಷದ್ದು ನಿಮಗೆ ಮುಟ್ಟೇ ಇಲ್ಲ, ಮೊದಲಿಂದ ಬೈಕೊಂಡು ಬರಬೇಕು. ಈ ನಾಲ್ಕು ದಿನ ಸಾಲದೇ ಹೋದ್ರೆ ಮನೆಗೆ ಹೋಗಿ ಬೈತೀನಿ."

"ಯಾವ ಮನೆಗೆ?"

"ಎಷ್ಟು ಮನೆ ಇದಾವೆ ನಿಮಗೆ?"

"ಮನೇಲಿ ಯಾವಾಗ ಬೈತೀಯ? ನಿನ್ನ ಪಾಳಿ ಬೇರೆ, ನನ್ನ ಪಾಳಿ ಬೇರೆ."

"ಪಾಳಿ ಬದಲಾಯಿಸ್ಕೊಳ್ಳಿ. ಡಿಪೋದವರ ಕಾಲು ಹಿಡೀರಿ, ಏನಾದ್ರೂ ಮಾಡಿ. ಹೆಂಡತಿ ಹತ್ರ ಬೈಸ್ಕೊಳ್ಳೋಕೆ ಟೈಮ್ ಬೇಕು ಅನ್ನಿ."

"ಆಯ್..." ಅಂದವನು ಅವಳ ಮುಖ ನೋಡಿ ತಟ್ಟನೆ ನಿಲ್ಲಿಸಿದ. "ಕೇಳ್ತೀನಿ," ಅಂದ.

"ಕೂತ್ಕೊಳ್ಳಿ," ಅಂದಳು ಅವಳು. "ಬೂಟಿಂದ ಶುರು ಮಾಡ್ತೀನಿ."

ಅವನು ಕೂತ. ಅವಳು ಬೂಟಿನಿಂದ ಶುರು ಮಾಡಿದಳು, ಅವನೂ ಬಿಡಲಿಲ್ಲ, ಮಾತಿಗೆ ಮಾತು ಕೊಟ್ಟ. ಅತ್ತ ಹುಡುಗಿ ಚಪ್ಪಲಿ ಬಿಟ್ಟು ನೀರಿಗಿಳಿದಿದ್ದಳು. ಮೊದಲು ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಒಂದು ಅಲೆ ಬಂದು ಅವಳನ್ನು ಉರುಳಿಸಿತು. ಎದ್ದು ಕಿರುಚಿ ನಕ್ಕಳು. ದಡದಲ್ಲಿ ಅಪ್ಪ ಅಮ್ಮನ ದನಿ ಏರುತ್ತಲೇ ಇತ್ತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ, ಮಧ್ಯಾಹ್ನದವರೆಗೆ ಇಬ್ಬರಲ್ಲಿ ಯಾರೂ ಅವಳನ್ನು ಕರೆಯಲಿಲ್ಲ.